ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ
(ಶಿರೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಆರೋಗ್ಯದ ವಿಷಯ ಮಾತಾಡಿ ಎಂದು ಕರೆದವರು ನಾನು ಸಕ್ಕರೆ ಕಾಯಿಲೆಯನ್ನೋ ರಕ್ತದೊತ್ತಡವನ್ನೋ ಎತ್ತಿಕೊಳ್ಳುತ್ತೇನೆ ಎಂದುಕೊಂಡಿದ್ದರು. ನಾನು ಬೇರೆಯದನ್ನು ಆರಿಸಿದ್ದೇನೆ. ಸಿ.ಟಿ. ಸ್ಕ್ಯಾನ್ ಮಾಡುವಾಗ ಕೈಯ ನರಕ್ಕೆ ಒಂದು ಇಂಜೆಕ್ಷನ್ ಕೊಡುತ್ತಾರೆ. ಪುಸ್ತಕದಲ್ಲಿ ಅದಕ್ಕೆ ಕಾಂಟ್ರಾಸ್ಟ್ ಎಂದು ಹೆಸರು, ಆಸ್ಪತ್ರೆಯಲ್ಲಿ ಎಲ್ಲರೂ ಅನ್ನುವುದು ‘ಡೈ’. ಆ ಡೈಗೂ, ವೈರಸ್ಸಿನ ಕಾಯಿಲೆಗೆ ಕೊಡುವ ಗುಳಿಗೆಗೂ ಮೈಯೊಳಗೆ ಏನಾದರೂ ಜಟಾಪಟಿ ನಡೆಯುತ್ತದೆಯೆ? ನಡೆಯುತ್ತದೆ ಎಂಬ ವರದಿಗಳನ್ನು ಎಷ್ಟು ನಂಬಬೇಕು? ಇದೇ ನನ್ನ ವಿಷಯ. ಇದು ಡಾಕ್ಟರುಗಳ ಸಭೆಗೆ ಸರಿ, ಊರ ಸಭೆಗೆ ಯಾಕೆ ಎಂದು ನೀವು ಕೇಳಬಹುದು. ಒಬ್ಬರ ಕಥೆಯಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಕರಾವಳಿಯದೇ ಒಂದು ಆಸ್ಪತ್ರೆ, ನಾನು ಅಲ್ಲಿ ಸ್ಕ್ಯಾನಿಂಗ್ ವಿಭಾಗದ ವೈದ್ಯ. ಬಂದವರು ಈ ಕಡೆಯವರೇ, ಐವತ್ತು ದಾಟಿದ ಗಂಡಸು. ಮುಂಬೈ ಹೋಟೆಲಿನಲ್ಲಿ ಬಹಳ ವರ್ಷ ದುಡಿದು ಊರಿಗೆ ಮರಳಿದವರು. ಹೊಟ್ಟೆಯಲ್ಲಿ ಗಡ್ಡೆ ಇರಬಹುದೆಂಬ ಸಂಶಯ, ಡೈ ಹಾಕಿಯೇ ಸ್ಕ್ಯಾನ್ ಆಗಬೇಕು. ಹೆಂಡತಿ, ಹೆಂಡತಿಯ ಅಣ್ಣ, ಮಗ ಮೂವರೂ ಬಾಗಿಲಲ್ಲೇ ನಿಂತಿದ್ದರು. ನಾನು ಕೈಯಲ್ಲಿ ಫಾರ್ಮು ಹಿಡಿದು, ದಿನಾ ಕೇಳುವ ಹಾಗೆ, ಕಾರಿಡಾರಿಗೆಲ್ಲ ಕೇಳಿಸುವ ದನಿಯಲ್ಲಿ ಕೇಳಿದೆ: “ಬೇರೆ ಯಾವುದಾದರೂ ಗುಳಿಗೆ ತೆಗೆದುಕೊಳ್ಳುತ್ತಾ ಇದ್ದೀರಾ?” ಅವರು ನೆಲ ನೋಡಿದರು. “ಎಂತದೂ ಇಲ್ಲ ಡಾಕ್ಟ್ರೇ.” ನಾನು ‘ಇಲ್ಲ’ ಎಂಬಲ್ಲಿ ಗುರುತು ಹಾಕಿ ಮುಂದೆ ಹೋದೆ.

ಆಸ್ಪತ್ರೆಯ ಗೌನು ಹಾಕಿಕೊಳ್ಳುವಾಗ ಅವರ ಅಂಗಿಯ ಜೇಬಿನಿಂದ ಒಂದು ಡಬ್ಬಿ ಕೆಳಗೆ ಬಿತ್ತು. ಬಿಳಿ ಪ್ಲಾಸ್ಟಿಕ್ ಡಬ್ಬಿ. ಮೇಲಿನ ಲೇಬಲನ್ನು ಉಗುರಿನಿಂದ ಕೆರೆದು ಕೆರೆದು ತೆಗೆದಿದ್ದರು, ಅಂಟಿನ ಕಲೆ ಮಾತ್ರ ಉಳಿದಿತ್ತು. ಎತ್ತಿ ಕೊಟ್ಟ ನಮ್ಮ ಟೆಕ್ನಿಷಿಯನ್‌ಗೆ ವಿಚಿತ್ರ ಅನಿಸಿದ್ದು ಇನ್ನೊಂದು ಸಂಗತಿ. ಡಬ್ಬಿ ಬಿದ್ದಾಗ ಸದ್ದೇ ಆಗಲಿಲ್ಲ. ಒಳಗೆ ಗುಳಿಗೆಗಳ ಸುತ್ತ ಹತ್ತಿ ತುರುಕಿತ್ತು. ಮನೆಯಲ್ಲಿ, ಬಸ್ಸಿನಲ್ಲಿ, ಗುಳಿಗೆ ಅಲ್ಲಾಡಿದ ಸದ್ದು ಯಾರಿಗೂ ಕೇಳಿಸಬಾರದೆಂದು.

ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿ, ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತೆ. ಆಗ ಹೇಳಿದರು. ಎಚ್‌ಐವಿ. ಏಳು ವರ್ಷದಿಂದ ಎಆರ್‌ಟಿ ಗುಳಿಗೆ. ಹೆಂಡತಿಗೆ ಗೊತ್ತು, ಅವಳ ಅಣ್ಣನಿಗೆ ಗೊತ್ತಿಲ್ಲ.

ಈಗ ಆ ಗುಳಿಗೆಯ ವಿಷಯಕ್ಕೆ ಬರುತ್ತೇನೆ. ನಮ್ಮ ದೇಶದಲ್ಲಿ ಸರ್ಕಾರ ಎಚ್‌ಐವಿ ಔಷಧವನ್ನು ಪುಕ್ಕಟೆ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್ 1ರಂದು. ಈಗ ಹೆಚ್ಚಿನವರಿಗೆ ಸಿಗುವುದು ಮೂರು ಔಷಧಗಳನ್ನು ಒಂದರಲ್ಲೇ ಸೇರಿಸಿದ ಗುಳಿಗೆ: ಟೆನೋಫೊವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50. ದಿನಕ್ಕೆ ಒಂದು. ಇದರಲ್ಲಿ ಟೆನೋಫೊವಿರನ್ನು ರೂಪಿಸಿದ್ದು ಪ್ರಾಗ್ ನಗರದ ರಸಾಯನಶಾಸ್ತ್ರಜ್ಞ ಆಂಟೊನಿನ್ ಹೋಲಿ, ಬೆಲ್ಜಿಯಂನ ಎರಿಕ್ ಡಿ ಕ್ಲರ್ಕ್ ಜೊತೆ ಸೇರಿ. ಹೆಪಟೈಟಿಸ್ ಬಿ ಇರುವವರಿಗೂ ಇದೇ ಔಷಧ ಕೊಡುತ್ತಾರೆ. ಹಾಗಾಗಿ ಟೆನೋಫೊವಿರ್ ಎಂದ ಕೂಡಲೇ ಎಚ್‌ಐವಿ ಎಂದು ತೀರ್ಮಾನಿಸುವುದು ತಪ್ಪು.

ಟೆನೋಫೊವಿರ್ ಮೈಯಿಂದ ಹೊರಬೀಳುವುದು ಕಿಡ್ನಿಯ ಮೂಲಕ. ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಸೋಸುಗಗಳಿವೆ, ಪ್ರತಿಯೊಂದಕ್ಕೂ ಕೂದಲಿಗಿಂತ ಸಪೂರದ ಕೊಳವೆಯೊಂದು ಜೋಡಿಸಿದೆ. ಎರಡೂ ಕಿಡ್ನಿ ಸೇರಿ ದಿನಕ್ಕೆ 180 ಲೀಟರಿನಷ್ಟು ದ್ರವ ಸೋಸುತ್ತವೆ. ಅದರಲ್ಲಿ ಮೂತ್ರವಾಗಿ ಹೊರಗೆ ಬರುವುದು ಒಂದೂವರೆ ಲೀಟರಿನಷ್ಟು, ಉಳಿದದ್ದನ್ನೆಲ್ಲ ಕೊಳವೆಗಳು ವಾಪಸು ಹೀರಿಕೊಳ್ಳುತ್ತವೆ. ಆ ಕೊಳವೆಯ ಮೊದಲ ಭಾಗದ ಜೀವಕೋಶಗಳು ಟೆನೋಫೊವಿರನ್ನು ರಕ್ತದಿಂದ ಒಳಗೆಳೆದುಕೊಂಡು ಮೂತ್ರಕ್ಕೆ ದಾಟಿಸುತ್ತವೆ. ಎಳೆದುಕೊಂಡದ್ದು ದಾಟಿಸಿದ್ದಕ್ಕಿಂತ ಹೆಚ್ಚಾದರೆ ಔಷಧ ಕೋಶದೊಳಗೆ ಸೇರಿಕೊಂಡು, ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾವನ್ನು ಕೆಡಿಸುತ್ತದೆ. ಆಗ ಸಕ್ಕರೆ, ಫಾಸ್ಫೇಟು, ಪ್ರೋಟೀನು ಮೂತ್ರದಲ್ಲಿ ಸೋರಿಹೋಗುತ್ತವೆ. ಎಲ್ಲರಿಗೂ ಆಗುವುದಲ್ಲ, ಕೆಲವರಿಗೆ ಆಗುತ್ತದೆ.

ಡೈ ಕೂಡ ಅದೇ ದಾರಿಯಲ್ಲಿ ಹೊರಹೋಗುವ ವಸ್ತು. ಅದರ ಜೀವಾಳ ಅಯೋಡಿನ್. ಅಯೋಡಿನ್ ಪರಮಾಣು ಭಾರ, ಕ್ಷಕಿರಣವನ್ನು ತಡೆಯುತ್ತದೆ. ಡೈ ತುಂಬಿದ ರಕ್ತನಾಳ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಒಂದು ಮಿಲಿಲೀಟರಿನಲ್ಲಿ 300 ಮಿಲಿಗ್ರಾಂ ಅಯೋಡಿನ್ ಇರುವ ಡೈಯನ್ನು ನೂರು ಮಿಲಿಲೀಟರು ಹಾಕಿದರೆ 30 ಗ್ರಾಂ ಅಯೋಡಿನ್ ಒಳಗೆ ಹೋಯಿತು. ನಮಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ. ಲೆಕ್ಕ ಹಾಕಿದರೆ ಐನೂರು ವರ್ಷಕ್ಕೂ ಹೆಚ್ಚು ಕಾಲದ ಅಯೋಡಿನ್ ಒಂದು ನಿಮಿಷದೊಳಗೆ ನರಕ್ಕಿಳಿದಂತೆ. ಅದು ಬಿಗಿಯಾಗಿ ಕಟ್ಟಿಹಾಕಿದ ಅಯೋಡಿನ್ ಆದ್ದರಿಂದ ಮೈ ಅದನ್ನು ಬಳಸಿಕೊಳ್ಳುವುದಿಲ್ಲ. ಕಿಡ್ನಿ ಸರಿಯಿದ್ದವರಲ್ಲಿ ಒಂದು ದಿನದೊಳಗೆ ಹೆಚ್ಚುಕಡಿಮೆ ಎಲ್ಲವೂ ಮೂತ್ರದಲ್ಲಿ ಹೊರಗೆ.

ಈ ಡೈ ಹುಟ್ಟಿದ ಕಥೆಯನ್ನು ಇಲ್ಲಿ ಹೇಳಲೇಬೇಕು. 1923ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಅರ್ಲ್ ಆಸ್ಬೋರ್ನ್ ಎಂಬ ವೈದ್ಯರು ಸಿಫಿಲಿಸ್ ರೋಗಿಗಳಿಗೆ ಸೋಡಿಯಂ ಅಯೋಡೈಡ್ ಕೊಡುತ್ತಿದ್ದರು. ಅದು ಆ ಕಾಲದ ಚಿಕಿತ್ಸೆ. ಆ ರೋಗಿಗಳ ಎಕ್ಸ್‌ರೇ ತೆಗೆದಾಗ ಮೂತ್ರಕೋಶ ಬೆಳ್ಳಗೆ ಎದ್ದು ಕಂಡಿತು. ಅಲ್ಲಿಂದ ದಾರಿ ಹಿಡಿದು 1929ರಲ್ಲಿ ಬರ್ಲಿನ್‌ನಲ್ಲಿ ಮೋಸೆಸ್ ಸ್ವಿಕ್ ಎಂಬ ಯುವಕ ನರಕ್ಕೆ ಹಾಕಬಹುದಾದ ಯುರೋಸೆಲೆಕ್ಟಾನ್ ಎಂಬ ಡೈಯನ್ನು ರೋಗಿಗಳಲ್ಲಿ ಪರೀಕ್ಷಿಸಿ ತೋರಿಸಿದರು. ಅಂದರೆ, ಊರವರಿಂದ ಮುಚ್ಚಿಟ್ಟುಕೊಳ್ಳುವ ಕಾಯಿಲೆಯೊಂದರ ರೋಗಿಗಳೇ ಈ ವಿದ್ಯೆಯ ಮೊದಲ ಗುರುಗಳು. ನೂರು ವರ್ಷದ ಮೇಲೆ, ಮುಚ್ಚಿಟ್ಟುಕೊಂಡ ಇನ್ನೊಂದು ಕಾಯಿಲೆಯ ರೋಗಿಯ ಮುಂದೆ ನಾನು ಸ್ಟೂಲು ಹಾಕಿಕೊಂಡು ಕೂತಿದ್ದೆ.

ಹಳೆಯ ಡೈಗಳು ನರಕ್ಕೆ ಇಳಿಯುವಾಗ ಬೆಂಕಿ ಹರಿದ ಹಾಗೆ ಉರಿಯುತ್ತಿದ್ದವು. ಅದನ್ನು ತಪ್ಪಿಸಿದ್ದು ಸಮುದ್ರ. ಕಡಲ ತಡಿಯ ನಿಮಗೆ ಇದು ತಟ್ಟನೆ ಅರ್ಥವಾಗುತ್ತದೆ. ಸ್ವೀಡನ್ನಿನ ಟೋರ್ಸ್ಟೆನ್ ಆಲ್ಮೆನ್ ಎಂಬ ಎಕ್ಸ್‌ರೇ ತಜ್ಞ ಈಜುವಾಗ ನೀರೊಳಗೆ ಕಣ್ಣು ಬಿಡುತ್ತಿದ್ದರು. ಉಪ್ಪು ಕಡಿಮೆಯಿರುವ ಬಾಲ್ಟಿಕ್ ಕಡಲಲ್ಲಿ ಕಣ್ಣು ಉರಿಯದು, ಪಶ್ಚಿಮ ಕರಾವಳಿಯ ಉಪ್ಪುನೀರಲ್ಲಿ ಉರಿಯುತ್ತದೆ. ನಮ್ಮಲ್ಲೂ ಹೊಳೆಯಲ್ಲಿ ಮುಳುಗಿ ಕಣ್ಣು ಬಿಟ್ಟ ಮಗು ಕಡಲಲ್ಲಿ ಹಾಗೆ ಮಾಡಿ ಅತ್ತದ್ದುಂಟು. ನರದ ಒಳಮೈ ಉರಿಯುವುದೂ ಇದೇ ಕಾರಣಕ್ಕೆ ಇರಬಹುದು ಎಂದು ಆಲ್ಮೆನ್ ಯೋಚಿಸಿದರು. ರಕ್ತದ ಸಾಂದ್ರತೆಯನ್ನು ಅಳೆದರೆ ಸುಮಾರು 290, ಕಡಲ ನೀರು 1000ದ ಹತ್ತಿರ, ಆಗಿನ ಡೈಗಳು 1500ನ್ನೂ ಮೀರಿದ್ದವು. ಕಡಲಿಗಿಂತ ಗಾಢವಾದ ನೀರನ್ನು ನಾವು ಮನುಷ್ಯರ ನರಕ್ಕೆ ಹಾಕುತ್ತಿದ್ದೆವು! 1969ರಲ್ಲಿ ಆಲ್ಮೆನ್ ಪ್ರಕಟಿಸಿದ ವಿಚಾರದಿಂದ ಹೊಸ ತಲೆಮಾರಿನ ಡೈಗಳು ಬಂದವು. ಇಂದು ನಿಮಗೆ ಹಾಕುವುದು ಅವೇ. ಮೈ ಸ್ವಲ್ಪ ಬಿಸಿಯಾದಂತೆ, ಮೂತ್ರ ಹೋದಂತೆ ಅನಿಸುತ್ತದೆ, ಅಷ್ಟೆ.

ಹಾಗಾದರೆ ಡೈ ಮತ್ತು ಗುಳಿಗೆ ಒಟ್ಟು ಸೇರಿದರೆ? ಅವೆರಡೂ ನೇರವಾಗಿ ಜಗಳಾಡುವುದಿಲ್ಲ. ಅಳಿವೆಯ ಬಾಯಲ್ಲಿ ಹೂಳು ತುಂಬಿರುವಾಗ ಎರಡು ದೋಣಿ ಒಟ್ಟಿಗೇ ಹೊರಟ ಹಾಗೆ. ದೋಣಿಗಳ ನಡುವೆ ದ್ವೇಷವಿಲ್ಲ, ದಾರಿ ಕಿರಿದು. ಔಷಧಗಳ ಪರಸ್ಪರ ಕ್ರಿಯೆಯನ್ನು ಹುಡುಕುವ ಕಂಪ್ಯೂಟರಿನಲ್ಲಿ ಟೆನೋಫೊವಿರ್ ಮತ್ತು ಅಯೋಡಿನ್ ಡೈಯ ಹೆಸರನ್ನು ಒಟ್ಟಿಗೆ ಟೈಪ್ ಮಾಡಿದರೆ ಎಚ್ಚರಿಕೆ ಬರುತ್ತದೆ. ನಾನು ಹೇಳಬೇಕಾದದ್ದು ಇದು: ಆ ಎಚ್ಚರಿಕೆ ಬಹುಮಟ್ಟಿಗೆ ತರ್ಕದ ಮೇಲೆ ನಿಂತಿದೆ. ಇದೂ ಕಿಡ್ನಿಗೆ ಭಾರ, ಅದೂ ಭಾರ, ಸೇರಿದರೆ ಇನ್ನೂ ಭಾರ ಎಂಬ ಕೂಡುವ ಲೆಕ್ಕ.

ಆ ಲೆಕ್ಕದ ಒಂದು ಅಂಕಿಯೇ ಈಚೆಗೆ ಸಣ್ಣದಾಗಿದೆ. ಡೈ ಹಾಕಿದ ಮೇಲೆ ಮೂತ್ರ ನಿಂತುಹೋದ ರೋಗಿಯ ವರದಿ 1954ರಷ್ಟು ಹಿಂದಿನದು. ಅಲ್ಲಿಂದ ಅರ್ಧ ಶತಮಾನ ನಾವು, ಡೈ ಎಂದರೆ ಕಿಡ್ನಿಗೆ ಶತ್ರು ಎಂದೇ ಕಲಿತೆವು, ಕಲಿಸಿದೆವು. 2013ರಲ್ಲಿ ಅಮೆರಿಕದ ಎರಡು ತಂಡಗಳು ಒಂದು ಸರಳ ಪ್ರಶ್ನೆ ಕೇಳಿದವು. ಡೈ ಹಾಕದೆ ಸ್ಕ್ಯಾನ್ ಮಾಡಿಸಿಕೊಂಡ, ಅಷ್ಟೇ ಕಾಯಿಲೆಯಿದ್ದ ಜನರಲ್ಲಿ ಎಷ್ಟು ಮಂದಿಯ ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಹಾಕಬೇಕಾದ ಕಸ, ಏರುತ್ತದೆ? ಹೋಲಿಸಿ ನೋಡಿದರೆ, ಕಿಡ್ನಿ ತಕ್ಕಮಟ್ಟಿಗೆ ಸರಿಯಿರುವವರಲ್ಲಿ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ. ಕಾಯಿಲೆಯ ಮನುಷ್ಯನ ಕ್ರಿಯಾಟಿನಿನ್ ಏರಲು ಜ್ವರ ಸಾಕು, ವಾಂತಿ ಸಾಕು, ನೋವಿನ ಗುಳಿಗೆ ಸಾಕು. 2020ರಲ್ಲಿ ಅಮೆರಿಕದ ರೇಡಿಯಾಲಜಿ ಕಾಲೇಜು ಮತ್ತು ರಾಷ್ಟ್ರೀಯ ಕಿಡ್ನಿ ಪ್ರತಿಷ್ಠಾನ ಒಟ್ಟಾಗಿ, ಡೈಯ ಅಪಾಯವನ್ನು ಇಲ್ಲಿಯವರೆಗೆ ಹೆಚ್ಚಾಗಿ ಎಣಿಸಿದ್ದೆವು ಎಂದು ಒಪ್ಪಿಕೊಂಡವು. ಕಿಡ್ನಿಯ ಸೋಸುವ ಶಕ್ತಿಯ ಅಳತೆ 30ಕ್ಕಿಂತ ಕೆಳಗಿದ್ದವರಲ್ಲಿ ಮತ್ತು ಕಿಡ್ನಿಗೆ ಆಗಷ್ಟೇ ಪೆಟ್ಟು ಬಿದ್ದವರಲ್ಲಿ ನಿಜವಾದ ಎಚ್ಚರ ಬೇಕು ಎಂದವು.

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂದು ನಮ್ಮ ಹಿರಿಯರು ಅನ್ನುತ್ತಿದ್ದರಲ್ಲ, ಔಷಧದ ವರದಿಗಳಲ್ಲಿ ಇದೇ ದೊಡ್ಡ ತೊಡಕು. ಕಾಗೆ ಕೂತದ್ದನ್ನು ಕಂಡವನು ಸುಳ್ಳು ಹೇಳುತ್ತಿಲ್ಲ, ಟೊಂಗೆ ಮುರಿದದ್ದೂ ನಿಜ. ಟೊಂಗೆಗೆ ಮೊದಲೇ ಗೆದ್ದಲು ಹಿಡಿದಿತ್ತೆ ಎಂದು ನೋಡುವವರು ಬೇಕು.

ಒಂದು ಮಳೆಗಾಲ ನನ್ನ ಮುಂದೆ ಹೀಗೊಂದು ಟೊಂಗೆ ಮುರಿಯಿತು. ಇಪ್ಪತ್ತರ ಹರೆಯದ ಹುಡುಗಿ, ನಾಲ್ಕು ದಿನದಿಂದ ಜ್ವರ, ಅಮ್ಮನ ಗುರುತೂ ಸರಿಯಾಗಿ ಸಿಗದಷ್ಟು ಗೊಂದಲ. ಮೆದುಳಿಗೆ ಹರ್ಪಿಸ್ ವೈರಸ್ ತಗಲಿರಬಹುದು. ಅದಕ್ಕೆ ಅಸೈಕ್ಲೊವಿರ್ ಒಂದೇ ದಾರಿ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವಂತಿಲ್ಲ. ಗರ್ಟ್ರೂಡ್ ಎಲಿಯನ್ ಎಂಬ ಮಹಾತಾಯಿಯ ಪ್ರಯೋಗಶಾಲೆಯಿಂದ ಬಂದ ಔಷಧ ಅದು. 1988ರ ನೊಬೆಲ್ ಪ್ರಶಸ್ತಿ ಪಡೆದ ಮೂವರಲ್ಲಿ ಆಕೆಯೂ ಒಬ್ಬರು. ನಮ್ಮ ಸರ್ಪಸುತ್ತಿಗೆ ಬಾಯಿಯಿಂದ ಕೊಡುವ ಗುಳಿಗೆಯೂ ಇದೇ. ಆದರೆ ನರಕ್ಕೆ ಬೇಗ ಬೇಗ ಹಾಕಿದರೆ, ಮೈಯಲ್ಲಿ ನೀರಿನಂಶ ಕಡಿಮೆಯಿದ್ದರೆ, ಅಸೈಕ್ಲೊವಿರ್ ಕಿಡ್ನಿಯ ಕೊಳವೆಯಲ್ಲಿ ಸೂಜಿಯಂಥ ಹರಳುಗಳಾಗಿ ಕೂತುಬಿಡುತ್ತದೆ. ಒಂದು ಗಂಟೆಯಷ್ಟು ಹೊತ್ತು ನಿಧಾನವಾಗಿ ಇಳಿಸಬೇಕು, ಜೊತೆಗೆ ನೀರು ಕೊಡಬೇಕು. ಆ ಹುಡುಗಿಗೆ ಮೊದಲ ಡೋಸು ಹೋದ ದಿನವೇ ಡೈ ಹಾಕಿ ಸ್ಕ್ಯಾನ್ ಆಯಿತು. ಮೂರನೆಯ ದಿನ ಕ್ರಿಯಾಟಿನಿನ್ ಎರಡು ಪಟ್ಟು.

ಯಾರ ಮೇಲೆ ಹೊರಿಸುವುದು? ಡೈ ಮೇಲೆಯೋ, ಅಸೈಕ್ಲೊವಿರ್ ಮೇಲೆಯೋ, ಎರಡೂ ಸೇರಿದ್ದರ ಮೇಲೆಯೋ? ನಾಲ್ಕು ದಿನ ಏನೂ ತಿನ್ನದೆ ಕುಡಿಯದೆ ಒಣಗಿದ್ದ ಮೈಯ ಮೇಲೆಯೋ? ಜ್ವರಕ್ಕೆಂದು ಊರಲ್ಲಿ ನುಂಗಿದ್ದ ನೋವಿನ ಗುಳಿಗೆಯ ಮೇಲೆಯೋ? ಇದನ್ನು ತೂಗಲು ವೈದ್ಯರಿಗೆ ಒಂದು ತಕ್ಕಡಿ ಇದೆ, 1981ರಲ್ಲಿ ನರಾಂಜೊ ಮತ್ತು ಅವರ ಸಂಗಡಿಗರು ಮಾಡಿದ್ದು. ಹತ್ತು ಪ್ರಶ್ನೆ. ಇಂಥದ್ದು ಹಿಂದೆ ವರದಿಯಾಗಿದೆಯೆ, ತೊಂದರೆ ಔಷಧದ ನಂತರ ಬಂತೆ, ನಿಲ್ಲಿಸಿದ ಮೇಲೆ ಇಳಿಯಿತೆ, ಬೇರೆ ಕಾರಣ ಇರಬಹುದೆ, ಹೀಗೆ. ಒಟ್ಟು ಒಂಬತ್ತು ಅಥವಾ ಹೆಚ್ಚು ಅಂಕ ಬಂದರೆ ಖಚಿತ, ಐದರಿಂದ ಎಂಟು ಬಹುಶಃ ಹೌದು, ಒಂದರಿಂದ ನಾಲ್ಕು ಇದ್ದರೂ ಇರಬಹುದು. ನಾನು ಎಷ್ಟು ಸಲ ಕೂಡಿದರೂ ‘ಇದ್ದರೂ ಇರಬಹುದು’ ಎಂಬಲ್ಲೇ ನಿಂತಿತು. ಡ್ರಿಪ್ಪು ನಿಧಾನ ಮಾಡಿದೆವು, ನೀರು ಹೆಚ್ಚಿಸಿದೆವು, ಅಸೈಕ್ಲೊವಿರ್ ನಿಲ್ಲಿಸಲಿಲ್ಲ. ಹತ್ತನೆಯ ದಿನ ಕ್ರಿಯಾಟಿನಿನ್ ಮೊದಲಿನಂತಾಯಿತು, ಹುಡುಗಿ ಅಮ್ಮನನ್ನು ‘ಅಬ್ಬಿ’ ಎಂದು ಕರೆದಳು.

ಆ ದಿನ ಸಂಜೆ ಕೂತು, ಔಷಧದಿಂದಾದ ತೊಂದರೆಯನ್ನು ವರದಿ ಮಾಡುವ ಫಾರ್ಮು ತುಂಬಿದೆ. ಖಚಿತವಿಲ್ಲದ್ದನ್ನು ಬರೆಯುವುದೇಕೆ ಎಂದು ಜೊತೆಯ ಕಿರಿಯ ವೈದ್ಯರು ಕೇಳಿದರು. ಖಚಿತವಿಲ್ಲ ಎಂಬ ಕಾರಣಕ್ಕೇ ಬರೆಯಬೇಕು. ನನ್ನ ಒಂದು ‘ಇರಬಹುದು’ಗೆ ಬೆಲೆಯಿಲ್ಲ, ಇಂಥ ಸಾವಿರ ‘ಇರಬಹುದು’ಗಳು ಒಂದೆಡೆ ಸೇರಿದಾಗ ಕಾಗೆ ಯಾವುದು, ಗೆದ್ದಲು ಯಾವುದು ಎಂದು ಬೇರ್ಪಡಿಸಬಹುದು. ನಮ್ಮ ದೇಶದಲ್ಲಿ ಇದಕ್ಕಾಗಿ 2010ರ ಜುಲೈಯಲ್ಲಿ ಔಷಧ ಸುರಕ್ಷತೆಯ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. 2011ರಿಂದ ಅದರ ಕೇಂದ್ರ ಗಾಜಿಯಾಬಾದಿನ ಭಾರತೀಯ ಫಾರ್ಮಕೊಪಿಯಾ ಆಯೋಗ. ಮಣಿಪಾಲದಲ್ಲಿ, ಮೈಸೂರಿನ ಜೆಎಸ್‌ಎಸ್‌ನಲ್ಲಿ ವರದಿ ಸಂಗ್ರಹಿಸುವ ಕೇಂದ್ರಗಳಿವೆ. ಅಲ್ಲಿಂದ ವರದಿ ಸ್ವೀಡನ್ನಿನ ಉಪ್ಸಾಲಾ ಊರಿನ ಜಾಗತಿಕ ಸಂಗ್ರಹಕ್ಕೆ ಹೋಗುತ್ತದೆ. ಕಣ್ಣುರಿಯಿಂದ ಡೈಯನ್ನು ತಿದ್ದಿದ ದೇಶವೇ ಇಂದು ಲೋಕದ ಔಷಧ ದೂರುಗಳನ್ನೂ ಕೇಳಿಸಿಕೊಳ್ಳುತ್ತಿದೆ. ಇಲ್ಲಿನ ಒಬ್ಬ ಹುಡುಗಿಯ ಕ್ರಿಯಾಟಿನಿನ್ ಅಲ್ಲಿನ ಲೆಕ್ಕದಲ್ಲಿ ಒಂದು ಸಾಲಾಗಿ ಸೇರುತ್ತದೆ ಎಂಬುದು ನನಗೆ ಸಣ್ಣ ಸಂಗತಿ ಅಲ್ಲ.

ಈಗ ಲೇಬಲು ಕೆರೆದ ಡಬ್ಬಿಯವರ ಬಳಿಗೆ ವಾಪಸು ಬರುತ್ತೇನೆ. ಅವರ ಕ್ರಿಯಾಟಿನಿನ್ 1.55 ಇತ್ತು. 1.5 ದಾಟಿದರೆ ಡೈ ಇಲ್ಲ ಎಂಬುದು ಆಗ ನಮ್ಮಲ್ಲಿ ಗೋಡೆಗೆ ಅಂಟಿಸಿದ್ದ ನಿಯಮ. ಅವರು ಬಾಯಿ ಬಿಡದಿದ್ದರೆ ನಾನು ಡೈ ಇಲ್ಲದೆ ಸ್ಕ್ಯಾನ್ ಮಾಡಿ ಕಳಿಸುತ್ತಿದ್ದೆ, ಗಡ್ಡೆ ಇದೆಯೋ ಇಲ್ಲವೋ ಅರೆಬರೆ ಕಾಣುತ್ತಿತ್ತು. ಆದರೆ ಅವರ ಗುಳಿಗೆಯಲ್ಲಿ ಡೊಲುಟೆಗ್ರಾವಿರ್ ಇತ್ತಲ್ಲ, ಅದರದ್ದೊಂದು ವಿಚಿತ್ರ ಗುಣವಿದೆ. ಕಿಡ್ನಿ ಕ್ರಿಯಾಟಿನಿನ್ನನ್ನು ಸೋಸುವುದರ ಜೊತೆಗೆ ಕೊಳವೆಯ ಒಂದು ಬಾಗಿಲಿನಿಂದಲೂ ಸ್ವಲ್ಪ ಹೊರಗೆ ತಳ್ಳುತ್ತದೆ. ಡೊಲುಟೆಗ್ರಾವಿರ್ ಆ ಬಾಗಿಲನ್ನು ತಡೆಯುತ್ತದೆ. ಕಿಡ್ನಿಯ ಶಕ್ತಿ ಚೂರೂ ಕುಂದದೆ ರಕ್ತದ ವರದಿಯಲ್ಲಿ ಅಂಕಿ ಮಾತ್ರ 0.1, 0.15ರಷ್ಟು ಏರುತ್ತದೆ, ಮೊದಲ ನಾಲ್ಕು ವಾರದೊಳಗೆ ಏರಿ ಅಲ್ಲೇ ನಿಲ್ಲುತ್ತದೆ. ಎಆರ್‌ಟಿ ಕೇಂದ್ರದ ವೈದ್ಯರಿಗೆ ಫೋನು ಮಾಡಿ ಹಳೆಯ ವರದಿ ಓದಿಸಿಕೊಂಡೆ. ಹಳೆಯ ಗುಳಿಗೆಯಿಂದ ಡೊಲುಟೆಗ್ರಾವಿರ್ ಇರುವ ಗುಳಿಗೆಗೆ ಬದಲಾಗುವ ಮುಂಚೆ 1.4, ಬದಲಾದ ತಿಂಗಳಲ್ಲೇ 1.55, ಆಮೇಲೆ ಕದಲಿಲ್ಲ. ಟೆನೋಫೊವಿರಿನ ಪೆಟ್ಟೇನಾದರೂ ಇದೆಯೇ ಎಂದು ಮೂತ್ರದ ಪ್ರೋಟೀನು, ಸಕ್ಕರೆ ನೋಡಿಸಿದೆವು, ಇರಲಿಲ್ಲ. ಸೋಸುವ ಶಕ್ತಿ 30ಕ್ಕಿಂತ ಬಹಳ ಮೇಲೆಯೇ ಇತ್ತು. ಡೈ ಹಾಕಿದೆವು. ಗಡ್ಡೆ ಇತ್ತು, ಆರಂಭದ ಹಂತ, ಶಸ್ತ್ರಚಿಕಿತ್ಸೆ ಆಯಿತು. ಎರಡು ದಿನದ ಮೇಲೆ ಕ್ರಿಯಾಟಿನಿನ್ ಅದೇ 1.55.

ಅವರ ವಿಷಯದಲ್ಲಿ ಡೈಗೂ ಗುಳಿಗೆಗೂ ಯಾವ ಜಟಾಪಟಿಯೂ ನಡೆಯಲಿಲ್ಲ. ಅಪಾಯವಿದ್ದದ್ದು ನನ್ನ ಗಟ್ಟಿ ದನಿಯಲ್ಲಿ, ಅವರ ‘ಇಲ್ಲ’ದಲ್ಲಿ. ತಪ್ಪು ಅವರದಲ್ಲ. ನಾಲ್ಕು ಜನರೆದುರು ಆ ಪ್ರಶ್ನೆ ಕೇಳಿದವನು ನಾನು. ಅಂದಿನಿಂದ ಆ ಪ್ರಶ್ನೆಯನ್ನು ಬಾಗಿಲು ಹಾಕಿಕೊಂಡೇ ಕೇಳುತ್ತೇನೆ, ನನ್ನ ಕೈಕೆಳಗೆ ಕಲಿತವರಿಗೂ ಅದನ್ನೇ ಕಲಿಸಿದ್ದೇನೆ. ಎಚ್‌ಐವಿ ಇರುವವರ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡಬಾರದು, ಚಿಕಿತ್ಸೆ ನಿರಾಕರಿಸಬಾರದು ಎಂದು 2017ರಲ್ಲಿ ಕಾಯ್ದೆಯೇ ಬಂದಿದೆ. 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಯಲ್ಲಿದೆ. ಸ್ಕ್ಯಾನಿಂಗ್ ಕೋಣೆಗೂ ಅದು ಅನ್ವಯ.

ಶಿರೂರಿನವರಿಗೆ ಈ ಮಾತು ಹೆಚ್ಚು ಬೇಕು ಎಂದು ನನಗೆ ಅನಿಸುವುದಕ್ಕೆ ಕಾರಣ ದೂರ. ಇಲ್ಲಿಂದ ದೊಡ್ಡ ಆಸ್ಪತ್ರೆಗೆ ಹೋಗುವುದೆಂದರೆ 66ನೇ ಹೆದ್ದಾರಿ ಹಿಡಿದು ಕುಂದಾಪುರ, ಇಲ್ಲವೇ ಎಂಬತ್ತು ಕಿಲೋಮೀಟರಿನಷ್ಟು ದೂರದ ಮಣಿಪಾಲ. ಗಡಿಬಿಡಿಯಲ್ಲಿ ಹೊರಟವರ ಕೈಯಲ್ಲಿ ಹಳೆಯ ಚೀಟಿಯಿಲ್ಲ, ಗುಳಿಗೆಯಿಲ್ಲ. ಕಾರು ಬಾಡಿಗೆಗೆ ಮಾಡಿಕೊಂಡು ಬಂದ ಮೇಲೆ ಜೊತೆಗೆ ನಾಲ್ಕು ಜನ ನೆಂಟರು ಇದ್ದೇ ಇರುತ್ತಾರೆ. ರೋಗಿ ಒಬ್ಬರೇ ಇರುವ ಗಳಿಗೆಯೇ ಸಿಗುವುದಿಲ್ಲ. ಜೊತೆಗೆ ಹೋದವರು ಆ ಐದು ನಿಮಿಷ ತಾವಾಗಿ ಹೊರಗೆ ನಿಂತರೆ ಅದೇ ದೊಡ್ಡ ಉಪಕಾರ.

ಇನ್ನೊಂದು ಮಾತು, ಇದನ್ನು ಕೈಮುಗಿದು ಹೇಳುತ್ತೇನೆ. ಇವತ್ತಿನ ಉಪನ್ಯಾಸ ಕೇಳಿ ಯಾರೂ, ಸ್ಕ್ಯಾನ್ ಇದೆ ಎಂದು ತಾವಾಗಿ ಗುಳಿಗೆ ಬಿಡಬೇಡಿ. ಹೆಪಟೈಟಿಸ್ ಬಿಗೆ ಟೆನೋಫೊವಿರ್ ತೆಗೆದುಕೊಳ್ಳುವವರು ತಟ್ಟನೆ ನಿಲ್ಲಿಸಿದರೆ ಕಾಯಿಲೆ ಭುಗಿಲೆದ್ದು ಲಿವರ್ ಕೈಕೊಡಬಹುದು. ಎಚ್‌ಐವಿ ಗುಳಿಗೆ ಬಿಟ್ಟು ಹಿಡಿದು ಮಾಡಿದರೆ ವೈರಸ್ ಔಷಧಕ್ಕೆ ಬಗ್ಗದಂತಾಗುತ್ತದೆ. ಸಕ್ಕರೆಯ ಮೆಟ್‌ಫಾರ್ಮಿನ್ ನುಂಗುವವರು ಅದನ್ನೂ ಹೇಳಿ. ಡೊಲುಟೆಗ್ರಾವಿರ್ ಜೊತೆ ಮೆಟ್‌ಫಾರ್ಮಿನ್ ರಕ್ತದಲ್ಲಿ ಹೆಚ್ಚಾಗುತ್ತದೆ, ಕಿಡ್ನಿ ಸೋತವರಿಗೆ ಡೈ ಹಾಕುವಾಗ ಅದನ್ನು ಕೆಲವು ದಿನ ನಿಲ್ಲಿಸುವುದೂ ಉಂಟು. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬಿಡಬಾರದು ಎಂದು ತೀರ್ಮಾನಿಸುವುದು ವೈದ್ಯರ ಕೆಲಸ. ಹೇಳುವುದಷ್ಟೇ ನಿಮ್ಮದು. ಬಾಯಲ್ಲಿ ಹೇಳಲಾಗದಿದ್ದರೆ ಡಬ್ಬಿಯನ್ನು ಮೇಜಿನ ಮೇಲೆ ಇಡಿ, ಸಾಕು.

ಔಷಧದಿಂದ ತೊಂದರೆಯಾಯಿತು ಅನಿಸಿದರೆ ರೋಗಿಗಳೇ ವರದಿ ಮಾಡಬಹುದು. ಅದಕ್ಕೆ ಕನ್ನಡದಲ್ಲೇ ಫಾರ್ಮು ಇದೆ, ಐವತ್ತು ಪ್ರತಿ ತಂದು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ. ಪುಕ್ಕಟೆ ದೂರವಾಣಿ 1800-180-3024.

ಪ್ರಶ್ನೆಗಳಿಗೆ ಅಧ್ಯಕ್ಷರು ಅರ್ಧ ಗಂಟೆ ಕೊಟ್ಟಿದ್ದಾರೆ, ಕೇಳಿ. ಎಲ್ಲರೆದುರು ಕೇಳಲಾಗದ ಪ್ರಶ್ನೆ ಇದ್ದವರಿಗಾಗಿ ಊಟದ ನಂತರ ವೇದಿಕೆಯ ಹಿಂದಿನ ಕೋಣೆಯಲ್ಲಿ ಒಂದು ಗಂಟೆ ಕೂತಿರುತ್ತೇನೆ. ಬಾಗಿಲು ಹಾಕಿರುತ್ತದೆ, ತಟ್ಟಿ ಒಳಗೆ ಬನ್ನಿ.